ಆರನೆಯ ಕೆಂಪು ಬಟ್ಟೆ

ಗಜೇಂದ್ರಗಡದ ಗುಡ್ಡದಿಂದ

ನಾನು ನೇಪಾಳಕ್ಕೆ ಹೋದದ್ದು ಹಿಮದ ಬೆಟ್ಟ ನೋಡಲಿಕ್ಕಲ್ಲ, ದೇವರ ದರ್ಶನಕ್ಕೂ ಅಲ್ಲ. ಒಂದು ಹಳೆಯ ಯಂತ್ರವನ್ನು ಅಗ್ಗಕ್ಕೆ ಹೊಡೆದುಕೊಂಡು ಬರಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಬರೆಯುವುದನ್ನು ಓದಿ ನನ್ನನ್ನು ದೊಡ್ಡ ಧರ್ಮಾತ್ಮ ಎಂದುಕೊಂಡೀರಿ.

ರೋಣದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೊಲದ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಒಳಗಿನ ತಾಮ್ರದ ತಂತಿ ಕಿತ್ತು ಹೊಸದಾಗಿ ಸುತ್ತಿ ಕೊಡುತ್ತೇವೆ. ಹಳೆಯ ಮೋಟಾರು, ಜನರೇಟರು ಕೊಂಡು, ರಿಪೇರಿ ಮಾಡಿ ಮಾರುತ್ತೇವೆ. ಕಸುಬು ಕಲಿಸಿದವರು ನರಗುಂದದ ಮಾಬೂಸಾಬ್ ಕಾಕಾ. ಒಂದು ಕಾಲಕ್ಕೆ ಅವರ ಅಂಗಡಿಯಲ್ಲಿ ನಾನು ಸುಟ್ಟ ತಂತಿ ಕೀಳುತ್ತಿದ್ದೆ. ಈಗ ಅಂಗಡಿ ನನ್ನದು, ಅವರು ನನ್ನ ಪಾಲುದಾರರು. ಕರೆಯುವುದು ಮಾತ್ರ ಅಂದಿನಂತೆ "ಈರಣ್ಣ" ಎಂದೇ. ನಾನು ಆಸೆಗೆ ಬಿದ್ದದ್ದು ಕಂಡರೆ "ಸಾವ್ಕಾರ್ರ" ಎನ್ನುತ್ತಾರೆ.

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ಅಂಗಳದಲ್ಲಿ ಟೇಕ್ ಎಂಬ ನೇಪಾಳದವನು ಕಾವಲಿಗಿದ್ದಾನೆ. ಅಲ್ಲಿಯ ಬೋರಿನ ಮೋಟಾರು ಇಳಿಸಲು ಹೋದಾಗ ಚಹಾ ಕೊಟ್ಟು, ತನ್ನ ಊರಿನ ಸುದ್ದಿ ತೆಗೆದ. ಅವನ ಊರು ಬೆಟ್ಟದ ಮೇಲೆ. ಸರ್ಕಾರದ ಕರೆಂಟು ಅಲ್ಲಿಗೆ ಹೋಗಿಲ್ಲ. ಊರವರೇ ಒಂದು ಹಳ್ಳದ ನೀರನ್ನು ಕೊಳವೆಯಲ್ಲಿ ಇಳಿಸಿ, ಚಕ್ರ ತಿರುಗಿಸಿ, ಕರೆಂಟು ಮಾಡಿಕೊಂಡು ಉಣ್ಣುತ್ತಿದ್ದಾರೆ. ಯಂತ್ರ ನೋಡಿಕೊಳ್ಳುವವಳು ಅವನ ಅಕ್ಕ ಧನಮಾಯಾ. "ಈಗ ಸರ್ಕಾರದ ಲೈನ್ ಬರಾಕತ್ತೈತ್ರಿ. ಕಂಬ ಊರ ಬುಡಕ್ಕ ಬಂದಾವು. ಊರಾಗ ಮಷಿನ್ ಮಾರಿಬಿಡೂಣು ಅನ್ನೂ ಮಾತು ನಡದೈತಿ" ಎಂದ.

ನನಗೆ ಮುಂದಿನ ಮಾತು ಕೇಳಿಸಲಿಲ್ಲ. ಇಪ್ಪತ್ತು ಕಿಲೋವ್ಯಾಟಿನ ಜನರೇಟರು, ತುಂಬ ತಾಮ್ರ, ಮಾರುವವರು ಬೆಲೆ ಗೊತ್ತಿಲ್ಲದವರು. ಇಂಥ ಯೋಗ ವ್ಯಾಪಾರಿಗೆ ದಿನಾ ಬರುವುದಿಲ್ಲ. ಅಂಗಡಿಗೆ ಬಂದು ಕಾಕಾನಿಗೆ ಹೇಳಿದೆ. ಅವರು ಬೀಡಿ ಆರಿಸಿ, "ನಡೀರಿ ಸಾವ್ಕಾರ್ರ, ಪರದೇಶ ತೋರಸ್ರಿ" ಎಂದರು.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಹುಬ್ಬಳ್ಳಿಯ ಗುಜರಿಯವರೆಲ್ಲ ಅಲ್ಲಿ ಇಳಿಯುತ್ತಾರೆ.

ಗಡಿಯಲ್ಲಿ ಒಂದು ಪೆಟ್ಟಿಗೆ

ಗೋರಖಪುರದ ಆಚೆ ಗಡಿ. ನಮ್ಮವರಿಗೆ ಪಾಸ್‌ಪೋರ್ಟು ಬೇಡ, ಓಟಿನ ಚೀಟಿ ಸಾಕು ಎಂದು ಕೇಳಿ ನಾನು ಬಹಳ ಹಗುರಾಗಿದ್ದೆ. ನಮ್ಮನ್ನು ತಡೆದದ್ದು ಕಾಕಾನ ಚೀಲದಲ್ಲಿದ್ದ ಮೆಗ್ಗರ್. ಅದು ಹಿಡಿಕೆ ತಿರುಗಿಸುವ ಒಂದು ಕರಿ ಪೆಟ್ಟಿಗೆ. ಎರಡು ವೈರು ಹೊರಗೆ ಬಂದಿರುತ್ತವೆ. ತಂತಿಯ ಹೊದಿಕೆ ಗಟ್ಟಿ ಉಳಿದಿದೆಯೋ ಇಲ್ಲವೋ ಎಂದು ಅದರಿಂದ ನೋಡುತ್ತೇವೆ. ಕಾಕಾ ಅದನ್ನು ಬಿಟ್ಟು ಮದುವೆಗೂ ಹೋಗುವುದಿಲ್ಲ.

ಇಲ್ಲಿ ಒಂದು ಮಾತು. ಅಲ್ಲಿಯವರೊಂದಿಗೆ ನಾವು ಆಡಿದ್ದು ಹಿಂದಿ. ಅವರದೂ ಅರೆಬರೆ, ನಮ್ಮದೂ ಅರೆಬರೆ. ಬರೆಯುವಾಗ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೇ ಬಿತ್ತು.

ಗಡಿಯ ಅಧಿಕಾರಿ ಪೆಟ್ಟಿಗೆಯನ್ನು ದೂರದಿಂದಲೇ ನೋಡಿ, "ಇದೇನು?" ಎಂದ.

"ಕರೆಂಟ್ ನೋಡೂದ್ರಿ, ಸಾಹೇಬ್ರ."

"ಇದರಾಗ ಬ್ಯಾಟರಿ ಎಲ್ಲೈತಿ?"

"ಬ್ಯಾಟರಿ ಇಲ್ರಿ. ತಿರುವಿದ್ರ ತಾನ ಹುಟ್ಟತೈತಿ."

ಅಧಿಕಾರಿಗೆ ನಂಬಿಕೆ ಬರಲಿಲ್ಲ. ವೈರಿನ ಎರಡೂ ತುದಿ ತಾನೇ ಹಿಡಿದು, "ತಿರುವು" ಎಂದ. ಕಾಕಾ ಬೇಡ ಎಂದರು, ನಾನೂ ಬೇಡ ಎಂದೆ. ಸರ್ಕಾರಿ ಮನುಷ್ಯ, ಕೇಳಲಿಲ್ಲ. ಕಾಕಾ ಅರ್ಧ ಸುತ್ತು ತಿರುವಿದರು. ಅಧಿಕಾರಿ ಕುರ್ಚಿ ಸಮೇತ ಹಿಂದೆ ಹೋದ. ನಮ್ಮ ಪ್ರವಾಸ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಅವನು ಎದ್ದು, ಅಂಗಿ ಸರಿಮಾಡಿಕೊಂಡು, ಪಕ್ಕದ ಕೋಣೆಗೆ ಕೂಗಿದ. ಮೂವರು ಬಂದರು. "ಇವರಿಗೂ ಹಿಡಸ್ರಿ" ಎಂದ. ಮೂವರೂ ಹಿಡಿದರು, ಮೂವರೂ ಹಾರಿದರು, ನಾಲ್ವರೂ ನಕ್ಕರು. ನಮಗೆ ಚಹಾ ಬಂತು.

ಗಡಿಯಾರವನ್ನು ಕಾಲು ಗಂಟೆ ಮುಂದೆ ಇಟ್ಟುಕೊಳ್ಳಿ ಎಂದೂ ಅವರೇ ಹೇಳಿದರು. ಅರ್ಧ ಗಂಟೆ, ಒಂದು ಗಂಟೆ ಅಲ್ಲ. ಬರೀ ಕಾಲು ಗಂಟೆ. ಅದಕ್ಕಿಂತ ಕಡಿಮೆಗೆ ಯಾರೂ ಚೌಕಾಸಿ ಮಾಡಿರಲಿಕ್ಕಿಲ್ಲ.

ಜೀಪು ಮತ್ತು ಕಾಲುವೆ

ಬೆಟ್ಟದ ದೇಶಕ್ಕೆ ಹೋಗುವವರಿಗೆ ನನ್ನ ಒಂದು ಸಲಹೆ: ಜೀಪು ಹತ್ತುವ ಮೊದಲು ಬಾಡಿಗೆಗೆ ಜಗ್ಗಾಡಬೇಡಿ. ನಾನು ಜಗ್ಗಾಡಿ ಗೆದ್ದೆ. ಆಮೇಲೆ ಆ ದಾರಿ ನೋಡಿದೆ. ಒಂದು ಗಾಲಿ ಮಣ್ಣಿನ ಮೇಲೆ, ಇನ್ನೊಂದರ ಕೆಳಗೆ ಮೋಡ. ಇಳಿಯುವಾಗ ಡ್ರೈವರ್ ಮೊದಲು ಕೇಳಿದ್ದನ್ನೇ ಕೊಟ್ಟು, ಕೈ ಮುಗಿದೆ.

ಜೀಪು ಬಿಟ್ಟಲ್ಲಿಂದ ಒಂದು ತಾಸು ನಡಿಗೆ. ನಮ್ಮದು ಎರೆಮಣ್ಣಿನ ಸಪಾಟು ನೆಲ. ಚಿಕ್ಕನರಗುಂದದ ಹೊಲದಲ್ಲಿ ನಿಂತರೆ ಯಾರ ಎತ್ತು ಎಲ್ಲಿದೆ ಎಂದು ಹೇಳಬಹುದು. ಅಲ್ಲಿ ಮುಂದಿನ ಮನೆ ಕಾಣಬೇಕಾದರೆ ತಲೆ ಎತ್ತಬೇಕು, ಹಿಂದಿನದು ಕಾಣಬೇಕಾದರೆ ಬಗ್ಗಬೇಕು. ಕಾಕಾ ಹತ್ತು ಹೆಜ್ಜೆಗೊಮ್ಮೆ ಕೂಡುತ್ತಿದ್ದರು.

ದಾರಿಯ ಪಕ್ಕಕ್ಕೇ ಒಂದು ಸಣ್ಣ ಕಾಲುವೆ ಹರಿಯುತ್ತಿತ್ತು. ಅದರ ದಂಡೆಯಲ್ಲಿ ಅಲ್ಲಲ್ಲಿ ಒಂದೊಂದು ಚಪ್ಪಟೆ ಕಲ್ಲು ನಿಲ್ಲಿಸಿದ್ದರು. ಕಲ್ಲಿನಿಂದ ಕಲ್ಲಿಗೆ ಒಂದು ಮನೆಯ ಪಾಲು. ಆ ಭಾಗದ ಹೂಳು, ಎಲೆ, ಕುಸಿದ ಮಣ್ಣು ಆ ಮನೆಯವರೇ ತೆಗೆಯಬೇಕು. ಎಲ್ಲಿಯೂ ಒಂದು ಎಲೆ ನಿಂತಿರಲಿಲ್ಲ. ನಮ್ಮಲ್ಲಿ ಕಾಲುವೆ ಸರ್ಕಾರದ್ದು, ಹೀಗಾಗಿ ಹೂಳೂ ಸರ್ಕಾರದ್ದು.

ಊರು ಕಂಡಿತು. ಬೆಟ್ಟದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಅಂಟಿಕೊಂಡ ಎಪ್ಪತ್ತು ಮನೆ. ಕೆಲವು ಮನೆಗಳ ಕಟಕಟೆಗೆ ಕೆಂಪು ಬಟ್ಟೆ ಕಟ್ಟಿತ್ತು. ದೇವರ ಹರಕೆಯ ಬಟ್ಟೆ ಇರಬೇಕು ಎಂದು ಮೊದಲನೆಯದಕ್ಕೆ ಭಕ್ತಿಯಿಂದ ಕೈ ಮುಗಿದೆ. ಹತ್ತಿರ ಹೋದಾಗ ಅದು ಹಳೆಯ ಲಂಗದ ತುಂಡು. ಕಾಕಾ ನೋಡಿಯೂ ನೋಡದಂತೆ ಮುಂದೆ ನಡೆದರು.

ಯಂತ್ರದ ಮನೆ

ಊರ ಕಮಿಟಿಯ ಅಧ್ಯಕ್ಷರು ಒಬ್ಬ ಸುಬೇದಾರರು. ನಮ್ಮ ಸೈನ್ಯದಲ್ಲಿದ್ದು ಪೆನ್ಶನ್ ಪಡೆದವರು, ಬೆಳಗಾವಿಯಲ್ಲಿ ಕೆಲವು ವರ್ಷ ಇದ್ದವರು. "ಕುಂದಾ ತಂದೀರೇನ್ರಿ?" ಎಂದು ಕೇಳಿಯೇ ಒಳಗೆ ಕರೆದರು. ನಾವು ತಂದದ್ದು ಕಟಕ ರೊಟ್ಟಿ, ಶೇಂಗಾ ಚಟ್ನಿ. ಅವರ ಮುಖ ಸಣ್ಣದಾಯಿತು. ಮಾಳಿಗೆಯ ಕೋಣೆಯನ್ನು ನಮಗೆ ಬಿಟ್ಟುಕೊಟ್ಟು, ಶನಿವಾರ ಊರ ಸಭೆ ಇದೆ, ಮಾರುವುದೋ ಬಿಡುವುದೋ ಅಲ್ಲೇ ತೀರ್ಮಾನ, ಅಲ್ಲಿಯ ತನಕ ಯಂತ್ರ ನೋಡಿಕೊಳ್ಳಿ ಎಂದರು. ಅವತ್ತು ಗುರುವಾರ.

ಯಂತ್ರದ ಮನೆ ಊರ ಬುಡದಲ್ಲಿ, ಹಳ್ಳದ ದಂಡೆಗಿದೆ. ಮೇಲೆ ಒಂದು ಕಲ್ಲಿನ ತೊಟ್ಟಿ, ಅಲ್ಲಿಂದ ನೆಟ್ಟಗೆ ಕೆಳಗೆ ಇಳಿಯುವ ಕಬ್ಬಿಣದ ಕೊಳವೆ, ಕೊಳವೆಯ ಬಾಯಿಯಿಂದ ಚಿಮ್ಮುವ ನೀರು ಬಟ್ಟಲು ಬಟ್ಟಲಿನ ಒಂದು ಚಕ್ರಕ್ಕೆ ಹೊಡೆಯುತ್ತದೆ, ಚಕ್ರ ಜನರೇಟರನ್ನು ತಿರುಗಿಸುತ್ತದೆ. ಡೀಸೆಲ್ ಇಲ್ಲ, ಹೊಗೆ ಇಲ್ಲ. ಧನಮಾಯಾ ನಲವತ್ತರ ಹೆಂಗಸು. ಸೊಂಟಕ್ಕೆ ಬಿಗಿದ ಪಟ್ಟಿಯಲ್ಲಿ ತಂತಿ ಹಿಡಿಯುವ ಪಕ್ಕಡ, ಟೆಸ್ಟರ್. ಮೊದಲು ಈ ಕೆಲಸ ಕಲಿತ ಇಬ್ಬರು ಗಂಡಸರು ದುಡಿಯಲು ಕೊಲ್ಲಿ ದೇಶಕ್ಕೆ ಹೋದರಂತೆ. ಮೂರನೆಯವಳಾಗಿ ಈಕೆ ಕಲಿತಳು, ಹನ್ನೊಂದು ವರ್ಷದಿಂದ ಈಕೆಯೇ. ನಾವು ಯಾಕೆ ಬಂದಿದ್ದೇವೆ ಎಂದು ಆಕೆಗೆ ಗೊತ್ತಿತ್ತು. ನಮ್ಮನ್ನು ಹೆಣ್ಣು ನೋಡಲು ಬಂದ ಬಡ ಬೀಗರನ್ನು ನೋಡುವಂತೆ ನೋಡಿದಳು.

ನಾನು ತಿರುಗಾಡಿ ಕೊಂಕು ಹುಡುಕತೊಡಗಿದೆ. ಕೊಳ್ಳುವವನ ಮೊದಲ ಕೆಲಸ ಅದು. ಬಾಗಿಲಿಗೆ ಆತು ನಿಲ್ಲಿಸಿದ್ದ ಸವೆದ ಚಕ್ರ ತೋರಿಸಿ, "ಇದೇನ್ರಿ, ಚಕ್ರನ ತಿಂದು ಹೋಗೇತಿ?" ಎಂದೆ.

"ಅದು ಮೊದಲಿಂದು. ಉಸುಕು ತಿಂದೈತಿ. ಆಮ್ಯಾಲೆ ತೊಟ್ಟ್ಯಾಗ ಉಸುಕು ಕೂಡೂ ಹಂಗ ಒಂದು ಗುಂಡಿ ಮಾಡಿದಿವಿ. ಈಗಿಂದು ಆರು ವರ್ಷ ಆತು, ಕೈಯಾಡಿಸಿ ನೋಡ್ರಿ."

ಕಾಕಾ ಯಂತ್ರದ ಹತ್ತಿರ ಹೋದರು. ಜನರೇಟರಿನ ಗಾಳಿ ಕಿಂಡಿಗೆ ಮೂಗು ಹಚ್ಚಿ ಬಹಳ ಹೊತ್ತು ನಿಂತರು. ರಿವೈಂಡಿಂಗ್ ಮಾಡುವವರಿಗೆ ಮೆಗ್ಗರಿಗಿಂತ ಮೊದಲು ಮೂಗು. ಒಮ್ಮೆ ಕಾದ ಯಂತ್ರ ಜನ್ಮವಿಡೀ ಸುಟ್ಟ ವಾರ್ನಿಶ್ ನಾರುತ್ತದೆ. ರೋಣ ತಾಲೂಕಿನಲ್ಲಿ ಆ ವಾಸನೆ ಇಲ್ಲದ ಮೋಟಾರು ನಾನು ಕಂಡಿಲ್ಲ. ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮುಚ್ಚಳಕ್ಕಿಟ್ಟು, ಹಿಡಿಕೆಯನ್ನು ಕಿವಿಗಿಟ್ಟರು.

"ಬಲಗಡೆದ್ದು," ಎಂದಳು ಧನಮಾಯಾ, ಅವರು ಬಾಯಿ ತೆಗೆಯುವ ಮೊದಲೇ. "ಮೂರು ತಿಂಗಳಾತು ಗೊಣಗಾಕತ್ತು."

ಕಾಕಾ ಸ್ಕ್ರೂಡ್ರೈವರ್ ಇಳಿಸಿ ಆಕೆಯನ್ನು ನೋಡಿದರು. ನನ್ನನ್ನು ಹಾಗೆ ನೋಡಲು ಅವರು ಎಂಟು ವರ್ಷ ತೆಗೆದುಕೊಂಡಿದ್ದರು.

ಇನ್ನೊಂದು ವಿಷಯ ಕಂಡು ನಾನು ಬೆರಗಾದೆ. ಯಂತ್ರ ಯಾವಾಗಲೂ ಒಂದೇ ವೇಗದಲ್ಲಿ ತಿರುಗಬೇಕು; ಊರವರು ಕರೆಂಟು ಕಡಿಮೆ ಬಳಸಿದರೆ ಅದು ಓಡಿ ಕೆಡುತ್ತದೆ. ಆದ್ದರಿಂದ ಉಳಿದ ಕರೆಂಟೆಲ್ಲ ಒಂದು ಪೆಟ್ಟಿಗೆಯ ಮೂಲಕ ನೀರಿನ ಟಾಕಿಯೊಳಗಿನ ಕಾಯಿಲ್‌ಗಳಿಗೆ ಹೋಗುತ್ತದೆ. ಊರು ಎಷ್ಟು ಬಿಡುತ್ತದೋ ಅಷ್ಟು ನೀರು ಕಾಯುತ್ತದೆ. ಬಾಣಂತಿಯರು, ಮುದುಕರು, ಜ್ವರ ಬಂದವರು ಅಲ್ಲಿಂದ ಬಿಸಿನೀರು ಒಯ್ಯುತ್ತಾರೆ. ಒಂದು ಹನಿ ಕರೆಂಟೂ ಹಾಳಾಗುವುದಿಲ್ಲ. ನನ್ನ ಅಂಗಡಿಯ ಲೆಕ್ಕಕ್ಕೆ ಇಂಥ ಶಿಸ್ತು ಇದ್ದಿದ್ದರೆ ನಾನು ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದೆ.

ಮೇಲೆ ಹತ್ತುವಾಗ ಕಾಕಾ ಅಂದರು: "ವಾಸನಿನ ಇಲ್ಲೋ ಈರಣ್ಣ. ಹನ್ನೊಂದು ವರ್ಷದಾಗ ಆ ಮಷಿನ್ ಒಮ್ಮೆನೂ ಕಾದಿಲ್ಲ."

"ಚಲೋ ಆತು. ಹೊಸಾದ್ರಂಗ ಮಾರಬೌದು. ಆದ್ರ ಕಾಕಾ, ಸಭಾದಾಗ ಈ ಮಾತು ಬ್ಯಾಡ. ಕೊಳ್ಳಾವ ಮಾಲು ಹೊಗಳಬಾರದು."

"ನಾ ಹೊಗಳೂದಿಲ್ಲ ಸಾವ್ಕಾರ್ರ. ಕೇಳಿದ್ರ ಸುಳ್ಳೂ ಹೇಳೂದಿಲ್ಲ."

ಶುಕ್ರವಾರ, ಒಂದು ಟಾವೆಲ್ಲು

ಬೆಳಗ್ಗೆ ಸುಬೇದಾರರ ಮನೆಯವರೆಲ್ಲ ಕಾಲುವೆಯ ತಮ್ಮ ಪಾಲು ತೆಗೆಯಲು ಹೋದರು. ಕಾಕಾ ಬಿಸಿನೀರಿನ ಆಸೆಗೆ ಯಂತ್ರದ ಮನೆಗೆ ಇಳಿದರು. ನಾನು ತಣ್ಣೀರಿನಲ್ಲೇ ಮುಖ ತೊಳೆದು, ನನ್ನ ಹೆಗಲ ಮೇಲಿನ ಟಾವೆಲ್ಲು ಒಗೆದು ಕಟಕಟೆಗೆ ಒಣಹಾಕಿದೆ. ಗಜೇಂದ್ರಗಡದ ಮಗ್ಗದ್ದು, ಕುಂಕುಮದಂಥ ಕೆಂಪು, ಬಣ್ಣ ಬಿಡುವುದಿಲ್ಲ ಎಂದು ಪಣ ಕಟ್ಟಿ ತಂದದ್ದು. ಆಮೇಲೆ ಬಿಸಿಲಿಗೆ ಕೂತು ರೊಟ್ಟಿ ಮುರಿದು ತಿಂದೆ.

ಕೆಳಗಿನ ಮನೆಯ ಅಂಗಳದಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಮುಂದೆ ನೀರಲ್ಲಿ ನೆನೆದ ಅಕ್ಕಿಯ ಪಾತ್ರೆ. ಆಕೆ ಆಗಾಗ ತಲೆ ಎತ್ತಿ ನನ್ನ ಕಡೆ ನೋಡುತ್ತಿದ್ದಳು. ಪರದೇಶದವನನ್ನು ನೋಡುತ್ತಾಳೆ ಎಂದು ನಾನೂ ನಗೆ ತೋರಿಸಿದೆ. ಆಕೆ ನಗಲಿಲ್ಲ. ಅಲ್ಲಿಯವರು ಬೆಳಗಿನ ಊಟವನ್ನು ಹತ್ತು ಗಂಟೆಯೊಳಗೆ ಮುಗಿಸುತ್ತಾರೆ. ನನ್ನ ಕಾಲು ಗಂಟೆ ಮುಂದಿನ ಗಡಿಯಾರದಲ್ಲಿ ಹನ್ನೊಂದೂವರೆ ದಾಟಿತ್ತು. ಅಜ್ಜಿ ಕೂತೇ ಇದ್ದಳು. ನಾನು ಮತ್ತೆ ನಕ್ಕೆ.

ಆಗ ಧನಮಾಯಾ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಪಕ್ಕಡ, ಮೈಯೆಲ್ಲ ಬೆವರು. ಹಿಂದೆ ಎದೆ ಹಿಡಿದುಕೊಂಡು ಕಾಕಾ.

"ನಿಮ್ಮ ಕುಕ್ಕರ್ ಎಲ್ಲೈತ್ರಿ ಅಣ್ಣಾರ?"

"ಯಾವ ಕುಕ್ಕರ್ರಿ?"

"ಆರನೇದ್ದು!"

ನಾನು ಕಾಕಾನ ಕಡೆ ನೋಡಿದೆ. ಕಾಕಾ ಟಾವೆಲ್ಲಿನ ಕಡೆ ನೋಡಿದರು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. "ಏ ಈರಣ್ಣ, ಪರದೇಶಕ್ಕ ಬಂದೂ ಒಂದು ಊರಿನ ಫ್ಯೂಜ್ ಕಿತ್ತಿಯಲ್ಲೋ!"

ವಿಷಯ ಹೀಗೆ. ಊರಿನಲ್ಲಿ ಈಗ ಎಲ್ಲರ ಮನೆಯಲ್ಲೂ ಕರೆಂಟಿನ ಅನ್ನದ ಕುಕ್ಕರ್ ಇದೆ. ಬೆಳಗ್ಗೆ ಹಿಟ್ಟಿನ ಗಿರಣಿಯೂ ನಡೆಯುತ್ತಿರುತ್ತದೆ. ಎಲ್ಲರೂ ಒಟ್ಟಿಗೆ ಹಚ್ಚಿದರೆ ಯಂತ್ರ ಕೂತುಬಿಡುತ್ತದೆ. ಒಂದು ಹಬ್ಬದಂದು ಹಾಗೇ ಆಗಿ ಊರಿಗೆ ಊರೇ ಅರೆಬೆಂದ ಅನ್ನ ತಿಂದಿತ್ತು. ಆಮೇಲೆ ಧನಮಾಯಾ ಒಂದು ಪದ್ಧತಿ ತಂದಳು. ಕುಕ್ಕರ್ ಹಚ್ಚುವವರು ಕಟಕಟೆಗೆ ಕೆಂಪು ಬಟ್ಟೆ ಹಾಕಬೇಕು, ಅನ್ನವಾದ ಕೂಡಲೇ ತೆಗೆಯಬೇಕು. ಗಿರಣಿ ನಡೆಯುವಾಗ ಬೆಟ್ಟದ ಮೇಲೆ ಆರು ಬಟ್ಟೆ ಇದ್ದರೆ ಏಳನೆಯವರು ಕಾಯಬೇಕು. ಬೆಟ್ಟದ ಊರಾದ್ದರಿಂದ ಎಲ್ಲರ ಕಟಕಟೆ ಎಲ್ಲರಿಗೂ ಕಾಣುತ್ತದೆ. ಕೆಂಪು ಯಾಕೆಂದರೆ ಮಂಜಿನಲ್ಲೂ ಕಾಣುವುದು ಅದೊಂದೇ.

ನನ್ನ ಟಾವೆಲ್ಲು ಬೆಳಗ್ಗೆ ಏಳರಿಂದ ಅಲ್ಲಿತ್ತು. ಉಳಿದ ಐದು ಬಟ್ಟೆ ಬಂದವು, ಹೋದವು, ಬದಲಾದವು. ನನ್ನದು ಮಾತ್ರ ಅಲ್ಲಾಡಲಿಲ್ಲ. ಊರಿಗೆ ಊರೇ ಐದರಲ್ಲೇ ಸರತಿ ಹಚ್ಚಿ ಅಡಿಗೆ ಮಾಡುತ್ತಿತ್ತು, ಕೆಳಗಿನ ಅಜ್ಜಿಯ ಸರತಿ ಇನ್ನೂ ಬಂದಿರಲಿಲ್ಲ. ಧನಮಾಯಾಗೆ ಕೆಳಗೆ ಬೇರೆಯೇ ಚಿಂತೆ. ಆಕೆ ಯಂತ್ರದ ಸದ್ದು ಕೇಳಿಯೇ ಎಷ್ಟು ಕುಕ್ಕರ್ ನಡೆದಿವೆ ಎಂದು ಹೇಳಬಲ್ಲಳು. ಸದ್ದು ಐದು ಅನ್ನುತ್ತಿತ್ತು, ಬೆಟ್ಟ ಆರು ಅನ್ನುತ್ತಿತ್ತು. ಎಲ್ಲೋ ತಂತಿ ತುಂಡಾಗಿದೆ, ಯಾರ ಮನೆಗೋ ಕರೆಂಟು ಮುಟ್ಟುತ್ತಿಲ್ಲ ಎಂದು ಕಂಬ ಕಂಬ ನೋಡುತ್ತ, ಬಟ್ಟೆ ಇದ್ದ ಮನೆ ಮನೆಗೆ ಹೋಗಿ ಕುಕ್ಕರ್ ಮುಟ್ಟುತ್ತ, ಬೆಟ್ಟವಿಡೀ ಹತ್ತಿ ಬಂದಿದ್ದಳು.

ನಾನು ಟಾವೆಲ್ಲು ಎಳೆದುಕೊಂಡೆ. ಎಳೆದ ಮರುಗಳಿಗೆಯೇ ಕೆಳಗಿನ ಅಜ್ಜಿ ಎದ್ದು, ತನ್ನ ಬಟ್ಟೆ ಕಟ್ಟಿ, ಪಾತ್ರೆ ಒಳಗೆ ಒಯ್ದಳು. ಹೋಗುತ್ತ ಒಂದು ಮಾತು ಕೂಗಿದಳು:

"ಆ ಟಾವೆಲ್ಲಿನಾಗ ಅನ್ನ ಬೆಂತೇನೋ ತಮ್ಮಾ?"

ಸುತ್ತಲಿನ ಮನೆಗಳಿಂದೆಲ್ಲ ನಗೆ ಬಂತು. ನಾನು ಇಳಿದು ಹೋಗಿ ತಪ್ಪಾಯಿತು ಎಂದೆ. ಆದರೆ ನನ್ನೊಳಗಿನ ವ್ಯಾಪಾರಿ ಸುಮ್ಮನಿರಲಿಲ್ಲ. "ಅಜ್ಜಿ, ನಾಕು ತಾಸು ಯಾಕ ಕುಂತಿ? ಒಂದು ಕುಕ್ಕರಿಗೆ ಏನೂ ಆಗ್ತಿರಲಿಲ್ಲ. ಸುಮ್ನ ಹಚ್ಚಬೇಕಿಲ್ಲ?"

"ಆರು ಬಟ್ಟಿ ಇದ್ದೂವು."

"ಒಂದು ಸುಳ್ಳು ಬಟ್ಟಿ ಇತ್ತಲ್ಲ."

"ಬಟ್ಟಿ ಯಾರಾರ ಸುಳ್ಳ ಹಾಕ್ತಾರೇನು?" ಎಂದಳು, ನನಗೆ ಬುದ್ಧಿ ಸ್ವಲ್ಪ ಕಡಿಮೆ ಎಂದು ತೀರ್ಮಾನಿಸಿದವಳಂತೆ.

ನಾನು ಮಾಳಿಗೆಗೆ ಬಂದು ಕೂತೆ. ನಮ್ಮ ಕಡೆ ಹೊಲದ ಟಿ.ಸಿ. ಎಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್. ಅದರ ಕೆಳಗೆ ಎಂಟು ಪಂಪ್‌ಸೆಟ್ಟು. ಎಂಟಕ್ಕೂ ಆಟೋ ಸ್ಟಾರ್ಟರು; ತ್ರೀಫೇಸ್ ಬಂದ ಕ್ಷಣ ಎಂಟೂ ಒಮ್ಮೆಲೇ ಗುಡುಗುತ್ತವೆ. ನಾ ಮೊದಲು, ನಾ ಮೊದಲು. ಓಲ್ಟೇಜ್ ಕೂತು ಮೋಟಾರು ಸುಡುತ್ತದೆ, ಇಲ್ಲವೇ ಟಿ.ಸಿ. ಸುಡುತ್ತದೆ. ಸುಟ್ಟದ್ದು ನನ್ನ ಅಂಗಡಿಗೆ ಬರುತ್ತದೆ. ಇದನ್ನು ಮೊದಲ ಸಲ ಹೊರಗಿನವನಂತೆ ನೋಡಿದೆ. ನನ್ನ ಎರಡಂತಸ್ತಿನ ಮನೆ, ಮಗಳ ಕಾಲೇಜು, ಗಾಡಿ, ಎಲ್ಲವೂ ಜನ ಒಬ್ಬರಿಗೊಬ್ಬರು ಕಾಯದೇ ಇದ್ದದ್ದರಿಂದ ಆದದ್ದು. ಇಲ್ಲಿ ಅಂಗಡಿ ಹಾಕಿದ್ದರೆ ಉಪವಾಸ ಸಾಯುತ್ತಿದ್ದೆ.

"ಈಗ ಗೊತ್ತಾತೇನು, ವಾಸನಿ ಯಾಕಿಲ್ಲಂತ?" ಎಂದರು ಕಾಕಾ.

ಶನಿವಾರ, ಗಿರಣಿಯ ಅಂಗಳ

ಅಲ್ಲಿ ಶನಿವಾರ ರಜೆ. ಊಟ ಮುಗಿಸಿ ಎಲ್ಲರೂ ಬಂದರು. ನಾನು ಬೆಲೆ ಮನಸ್ಸಿನಲ್ಲೇ ಇಟ್ಟುಕೊಂಡು, ತುದಿಗೆ ಕೂತೆ. ಧನಮಾಯಾ ಬಾಗಿಲ ಬಳಿ, ಒಂದು ಕಿವಿ ಯಂತ್ರದ ಕಡೆ ಇಟ್ಟು ಕೂತಿದ್ದಳು. ಮಾರಿದರೆ ಆಕೆಯ ಕೆಲಸ ಹೋಗುತ್ತದೆ. ಆದರೆ ಆ ಮಾತನ್ನು ಆಕೆ ಎತ್ತಲೇ ಇಲ್ಲ.

ಸುಬೇದಾರರು ನೇರ ಮನುಷ್ಯ. "ಸಾಯೂತನಕ ನಾವು ಬಟ್ಟಿ ಹಾಕ್ಕೋಂತ, ತಗಕೋಂತ ಕೂಡಬೇಕೇನು?" ಎಂದು ಶುರು ಮಾಡಿದರು. "ಲೈನ್ ಬಂತಂದ್ರ ಫ್ರಿಜ್ ಇಡಬೌದು, ವೆಲ್ಡಿಂಗ್ ಹಾಕಬೌದು. ಮಷಿನ್ ಮಾರಿದ್ರ ಹುಡುಗರ ಸಾಲಿಗೆ ಹೊಸಾ ಛಾವಣಿ ಆಗತೈತಿ. ಗಿರಾಕಿ ಮನಿ ಬಾಗಲಿಗೆ ಬಂದಾರ." ಅರ್ಧ ಜನ ತಲೆದೂಗಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಅಜ್ಜಿ ಕೂತಲ್ಲಿಂದಲೇ, "ಲೈನ್ ಸಿಟ್ಟಿಗೆದ್ರ ಯಾರ ಕಾಲ ಹಿಡೀಬೇಕು? ಧನಮಾಯಾಂದಾದ್ರ ಮನಿ ಗೊತ್ತೈತಿ" ಎಂದಳು.

ಸುಬೇದಾರರು ನನ್ನ ಕಡೆ ತಿರುಗಿದರು. "ಇವರನ್ನ ಕೇಳೂಣು. ಇವರ ದೇಶದಾಗ ಲೈನ್ ಬಂದು ಎಷ್ಟೋ ವರ್ಷ ಆತು. ಸಾವ್ಕಾರ್ರ, ಲೈನ್ ಹ್ಯಾಂಗಿರತೈತಿ, ಹೇಳ್ರಿ."

ಇಡೀ ಅಂಗಳ ನನ್ನನ್ನು ನೋಡಿತು. "ಭಾಳ ಚಲೋ ಇರತೈತಿ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಸುಳ್ಳೂ ಅಲ್ಲ. ಲೈನು ಬಂದದ್ದರಿಂದಲೇ ನಾನು ಮನುಷ್ಯನಾದದ್ದು. ಎರಡೇ ಮಾತು ಹೇಳಿದ್ದರೆ ಯಂತ್ರ ನನ್ನದಾಗುತ್ತಿತ್ತು. ಪಕ್ಕದಲ್ಲಿ ಕಾಕಾ ಕೆಮ್ಮಲಿಲ್ಲ, ಕೈ ಹಿಸುಕಲಿಲ್ಲ. ಮೆಗ್ಗರಿನ ಹಿಡಿಕೆಯನ್ನು ಸುಮ್ಮನೆ ಒರೆಸುತ್ತಿದ್ದರು. ಅಜ್ಜಿ ನಿನ್ನೆಯಂತೆಯೇ ನನ್ನ ಕಡೆ ನೋಡುತ್ತಿದ್ದಳು. ಬಟ್ಟೆ ಯಾರಾದರೂ ಸುಳ್ಳು ಹಾಕುತ್ತಾರೆಯೇ ಎಂದು ಕೇಳಿದ ಕಣ್ಣು.

"ಚಲೋ ಇರತೈತ್ರಿ," ಎಂದೆ. "ಇದ್ದಾಗ."

"ಅಂದ್ರ?"

"ನಮ್ಮ ತಾಲೂಕಿನಾಗ ಮೆಣಸಗಿ ಅಂತ ಊರೈತಿ, ಹೊಳಿ ದಂಡಿಗೆ. ನಮ್ಮ ತಂಗೀನ ಅಲ್ಲೇ ಕೊಟ್ಟೇವಿ. ಒಮ್ಮೆ ಹೊಳಿ ಬಂತು, ಕಂಬ ಬಿದ್ದೂವು. ನೀರು ಇಳಿದ ಮ್ಯಾಲೂ ಭಾಳ ದಿನ ಕರೆಂಟ್ ಇಲ್ಲ. ಮನ್ಯಾಗ ಜ್ವಾಳ ಐತಿ, ಗಿರಣಿ ಬಂದ್. ಬೀಸಾಕಂತ ಮತ್ತೊಂದು ಊರಿಗೆ ಹೊತಗೊಂಡು ಹ್ವಾದ್ರು. ಲೈನ್‌ಮನ್ ಏನು ಮಾಡ್ತಾನ್ರಿ ಪಾಪ, ಒಬ್ಬಾಂವ, ಊರು ಹತ್ತು. ನಿಮ್ಮಲ್ಲಿ ಹೊಳಿ ಬ್ಯಾಡ, ಗುಡ್ಡನ ಇಳದು ಬರತೈತಿ. ಜೀಪಿನ್ಯಾಗ ಬರುವಾಗ ನೋಡೇನಿ."

ಶುರು ಮಾಡಿದ ಮೇಲೆ ನಿಲ್ಲುವುದು ನನಗೆ ಬರುವುದಿಲ್ಲ.

"ಇನ್ನೊಂದು ಹೇಳ್ತೀನಿ. ನಮ್ಮ ಮನಿ ನಡಿಯೂದು ಸುಟ್ಟ ಮೋಟಾರಿನ ಮ್ಯಾಲೆ. ನಿಮ್ಮ ಮಷಿನ್ ಸುಟ್ಟಿಲ್ಲ. ಯಾಕ ಸುಟ್ಟಿಲ್ಲಂತ ನಿನ್ನೆ ನನಗ ಗೊತ್ತಾತು. ಮಾರಬ್ಯಾಡ್ರಿ ಅನ್ನಾಕ ನಾ ಸನ್ಯಾಸಿ ಅಲ್ಲ, ಕೊಳ್ಳಾಕ ಬಂದೇನಿ. ಆದ್ರ ವ್ಯಾಪಾರದ ಮಾತು ಕೇಳ್ರಿ. ತಾಮ್ರ ಅಂದ್ರ ಕೊಳಿಯೂ ಮಾಲಲ್ಲ. ಲೈನ್ ಬರಲಿ. ಎರಡು ಮಳಿಗಾಲ ಅದನ್ನ ನೋಡ್ರಿ, ಮಷಿನ್ನೂ ನಡಸ್ರಿ. ಆಮ್ಯಾಲೂ ಮಾರಬೇಕಂದ್ರ ನನ್ನ ಕರೀರಿ. ಮೊದಲ ನನ್ನ ಕರೀಬೇಕು, ಅದು ಮಾತ್ರ ಕರಾರು."

ಸುಬೇದಾರರು ತೊಡೆ ತಟ್ಟಿ ನಕ್ಕರು. "ಇಪ್ಪತ್ತೆಂಟು ವರ್ಷ ಫೌಜಿನ್ಯಾಗಿದ್ದೆ. ಮಾಲು ಕೊಳ್ಳಾಕ ಬಂದು ಕಾಯ್ರಿ ಅನ್ನೂ ಗಿರಾಕಿ ನೋಡಿದ್ದಿಲ್ಲ." ಸ್ವಲ್ಪ ಜಗ್ಗಾಟ ನಡೆಯಿತು, ಎರಡು ಮಳೆಗಾಲ ಬೇಡ, ಒಂದು ಸಾಕು ಎಂದರು. ಅಜ್ಜಿ ಎರಡಕ್ಕೇ ಪಟ್ಟು ಹಿಡಿದಳು. ಚೌಕಾಸಿಯಲ್ಲಿ ಆಕೆ ನನ್ನ ಗುರು ಆಗಬಹುದಿತ್ತು. ಕಡೆಗೆ ಎರಡು ಮಳೆಗಾಲ ಎಂದೇ ಆಯಿತು.

ಧನಮಾಯಾ ನನಗೆ ಉಪಕಾರವಾಯಿತು ಎನ್ನಲಿಲ್ಲ. ಎದ್ದು ಹತ್ತಿರ ಬಂದು, "ಬಂದ ಖರ್ಚು ನಿಮಗ ಲುಕ್ಸಾನ ಆತಲ್ರಿ ಅಣ್ಣಾರ" ಎಂದಳು.

"ಎರಡು ಮಳಿಗಾಲ ಅಷ್ಟ, ತಂಗಿ. ಆಮ್ಯಾಲೆ ಮಷಿನ್ ನಂದ."

"ಕರಾರು ಕರಾರ. ಮೊದಲ ನಿಮ್ಮನ್ನ ಕರೀತೀನಿ. ಕರಿಯೂ ಪ್ರಸಂಗ ಬಂದ್ರ," ಎಂದು ಸಣ್ಣಗೆ ನಕ್ಕು, ಯಂತ್ರದ ಕಡೆ ಇಳಿದು ಹೋದಳು.

ಹೊರಡುವಾಗ ಅಜ್ಜಿ ನನ್ನ ಹೆಗಲಿಗೆ ಕೈ ಹಾಕಿ ಟಾವೆಲ್ಲು ಎಳೆದುಕೊಂಡಳು. ತನ್ನ ಬಟ್ಟೆಯ ಬಣ್ಣ ಹೋಗಿದೆ, ಮಂಜಿನಲ್ಲಿ ಕಾಣುವುದಿಲ್ಲ ಎಂದಳು. ಬೆಲೆ ಹೇಳಲು ನನಗೆ ಪುರಸೊತ್ತೇ ಸಿಗಲಿಲ್ಲ.

ಅಬ್ಬಿಗೇರಿ ದಾರಿಯ ಟಿ.ಸಿ.

ಊರಿಗೆ ಬಂದ ಮೇಲೆ ಸುಮ್ಮನಿರಲಾರದೆ, ಅಬ್ಬಿಗೇರಿ ದಾರಿಯ ಒಂದು ಟಿ.ಸಿ. ಕೆಳಗಿನ ಎಂಟು ಹೊಲದವರನ್ನು ಕೂಡಿಸಿ ಈ ಕತೆ ಹೇಳಿದೆ. ಆಟೋ ಸ್ಟಾರ್ಟರ್ ತೆಗೆಯಿರಿ, ಪಂಪು ಹಚ್ಚಿದವರು ಕೆಂಪು ಬಟ್ಟೆ ಕಟ್ಟಿರಿ, ನಾಲ್ಕಾದ ಮೇಲೆ ಐದನೆಯವರು ಕಾಯಿರಿ ಎಂದೆ. ನಾನೇ ಒಂದು ಹೊಸ ಟಾವೆಲ್ಲು ಕಂಬಕ್ಕೆ ಕಟ್ಟಿ ತೋರಿಸಿದೆ. ಒಬ್ಬ ಅದನ್ನು ಬಿಚ್ಚಿ, ಮುಖದ ಬೆವರು ಒರೆಸಿಕೊಂಡು, "ಚಲೋ ಐತ್ರಿ ಅರಿವಿ" ಎಂದ. ಮರುವಾರ ಅವನ ಮೋಟಾರು ಸುಟ್ಟು ಅಂಗಡಿಗೆ ಬಂತು. ಆ ಟಾವೆಲ್ಲಿನಲ್ಲೇ ಸುತ್ತಿ ತಂದಿದ್ದ. ಈಗ ಆ ಎಂಟರಲ್ಲಿ ಮೂವರು ಸ್ಟಾರ್ಟರ್ ತೆಗೆಸಿದ್ದಾರೆ. ಬಟ್ಟೆ ಕಟ್ಟುವುದಿಲ್ಲ, ಫೋನು ಮಾಡಿಕೊಳ್ಳುತ್ತಾರೆ. ಮೂವರೂ ನನ್ನ ಅಂಗಡಿಯ ಕಡೆ ಬಂದಿಲ್ಲ. ನಷ್ಟವೇ, ಆದರೂ ಹೇಳುತ್ತಿದ್ದೇನೆ: ಓದುವವರಲ್ಲಿ ಪಂಪ್‌ಸೆಟ್ಟು ಇದ್ದವರು ಇಂದೇ ತೆಗೆಸಿರಿ.

ಎರಡು ಮಳೆಗಾಲ ಮುಗಿದವು. ಮೊನ್ನೆ ಕಾಕಾನ ಫೋನಿಗೆ ನೇಪಾಳದ ನಂಬರು ಬಂತು. ನಾನು ಮೋಟಾರು ಬಿಟ್ಟು ಎದ್ದೆ. ಕಾಕಾ ಬಹಳ ಹೊತ್ತು ಬಲಗಡೆಯ ಬೇರಿಂಗಿನ ನಂಬರು, ಗ್ರೀಸು, ಅದನ್ನು ಕಳಿಸುವ ದಾರಿ ಮಾತಾಡಿದರು. ಲೈನು ಬಂದಿದೆಯಂತೆ. ಸುಬೇದಾರರು ಫ್ರಿಜ್ ತಂದಿದ್ದಾರಂತೆ. ಈ ಮಳೆಗಾಲ ಗುಡ್ಡ ಜಾರಿ ಕಂಬ ಹೋದಾಗ ಪಕ್ಕದ ಎರಡು ಊರಿನವರೂ ಇವರ ಗಿರಣಿಗೇ ಬಂದರಂತೆ.

ಕಾಕಾ ಫೋನು ನನ್ನ ಕೈಗೆ ಕೊಟ್ಟು, "ಕೇಳ್ರಿ ಸಾವ್ಕಾರ್ರ, ನಿಮ್ಮ ಮಾಲಿನ ಸುದ್ದಿ" ಎಂದರು.

"ಎರಡು ಮಳಿಗಾಲ ಮುಗದೂವ್ರಿ ಅಣ್ಣಾರ," ಧನಮಾಯಾಳ ದನಿ. ಹಿಂದೆ ನೀರು, ಚಕ್ರ. "ಕೇಳೂದೇನಾರ ಐತೇನು?"

ಒಂದು ಕ್ಷಣ ಯೋಚಿಸಿದೆ. ತಾಮ್ರದ ಬೆಲೆ ಏರಿತ್ತು.

"ಐತಿ ತಂಗಿ. ಈಗ ಎಷ್ಟು ಕುಕ್ಕರ್ ನಡದಾವು?"

ಆಕೆ ಯಂತ್ರಕ್ಕೆ ಕಿವಿ ಕೊಟ್ಟಿರಬೇಕು. ಯಂತ್ರದ ಗುಂಯ್ ಸದ್ದು ಮಾತ್ರ ನನ್ನ ಕಿವಿಯಲ್ಲಿ ತುಂಬಿತು.

"ಐದು," ಎಂದಳು. "ತಡೀರಿ, ಹೊರಗ ಹೋಗಿ ಬಟ್ಟಿ ನೋಡ್ತೀನಿ."

ಹೆಜ್ಜೆಯ ಸದ್ದು, ಬಾಗಿಲ ಸದ್ದು, ಆಮೇಲೆ ಗಾಳಿ.

"ಐದ ಅದಾವ್ರಿ. ನಿಮ್ಮ ಟಾವೆಲ್ಲು ಸೇರಿ."